ಮೂತಿಯನ್ನು ಕಳೆದುಕೊಂಡ ನಾಯಿ

ಇಂಗ್ಲೆಂಡಿನ ಪ್ರಸಿದ್ಧ ಚಿತ್ರಕಾರ ವಿಲಿಯಂ ಹೊಗಾರ್ತ್ 1745ರಲ್ಲಿ ತನ್ನ ಭಾವಚಿತ್ರವನ್ನು ತಾನೇ ಬರೆದುಕೊಂಡಾಗ, ತನಗೆ ಅಚ್ಚುಮೆಚ್ಚಾಗಿದ್ದ ಟ್ರಂಪ್ ಎಂಬ ಪಗ್ ನಾಯಿಯನ್ನೂ ಅದರಲ್ಲಿ ಕುಳ್ಳಿರಿಸಿದನು. ಲಂಡನ್ನಿನ ಟೇಟ್ ಚಿತ್ರಶಾಲೆಗೆ ಸೇರಿದ ಆ ಪಟವನ್ನು ನೋಡಿದವರಿಗೆ, ಇಂದು ನಮ್ಮ ನಗರಗಳ ಬೀದಿಗಳಲ್ಲಿ ಒಡೆಯರ ಹಿಂದೆ ಏದುಸಿರು ಬಿಡುತ್ತ ಓಡುವ ಪಗ್ ನಾಯಿಯ ಪೂರ್ವಿಕ ಇದೇ ಎಂದು ಯಾರಾದರೂ ತಿಳಿಯಹೇಳದಿದ್ದರೆ ಗುರುತಿಸುವುದು ಕಷ್ಟವಾದೀತು. ಏಕೆಂದರೆ ಆ ಚಿತ್ರದ ನಾಯಿಗೆ ಮೂತಿಯಿದೆ, ಮೂಗು ಕಣ್ಣುಗಳಿಂದ ಸ್ಪಷ್ಟವಾಗಿ ಮುಂದಕ್ಕೆ ಚಾಚಿಕೊಂಡಿದೆ. ಇಂದಿನ ಪಗ್ಗಿನ ಮೂಗಾದರೋ ಎರಡು ಕಣ್ಣುಗಳ ನಡುವೆ, ಚರ್ಮದ ಮಡಿಕೆಯೊಂದರ ಅಡಿಯಲ್ಲಿ, ಹುದುಗಿಹೋಗಿದೆ. ಪ್ರಾಣಿಯೊಂದರ ತಲೆಬುರುಡೆಯನ್ನು ಈ ಪರಿಯಾಗಿ ಮಾರ್ಪಡಿಸುವುದಕ್ಕೆ ಮುನ್ನೂರು ವರ್ಷಗಳು ಪ್ರಕೃತಿಗೆ ಸಾಲವು, ಮನುಷ್ಯನಿಗೆ ಸಾಕಾದವು. ಈ ಕಾರ್ಯವನ್ನು ಕೈಗೊಂಡವರು ನಾಯಿಯನ್ನು ದ್ವೇಷಿಸಿದವರಲ್ಲ, ಹೊಡೆದು ಬಡಿದು ಹಿಂಸಿಸಿದವರಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ಮುದ್ದಿಸಿದವರು. ಕ್ರೌರ್ಯದಿಂದ ಬಂದ ಕೇಡನ್ನು ಗುರುತಿಸುವುದು ಸುಲಭ, ತಡೆಯುವುದೂ ಒಂದು ಮಟ್ಟಿಗೆ ಸುಲಭ. ಅಕ್ಕರೆಯಿಂದಲೇ ಬಂದ ಕೇಡನ್ನು ಕೇಡೆಂದು ಒಪ್ಪಿಕೊಳ್ಳುವುದಕ್ಕೆ ಮನಸ್ಸು ಬಹುಕಾಲ ಹಿಂಜರಿಯುತ್ತದೆ.

ಪಗ್ ಚೀನಾ ದೇಶದ ತಳಿ; ಡಚ್ಚರ ಹಡಗುಗಳ ಮೂಲಕ ಯೂರೋಪಿಗೆ ಬಂದುದು. ಬುಲ್‌ಡಾಗ್ ಇಂಗ್ಲೆಂಡಿನದು, ಗೂಳಿಯನ್ನು ಗೂಟಕ್ಕೆ ಕಟ್ಟಿ ಅದರ ಮೇಲೆ ನಾಯಿಗಳನ್ನು ಛೂಬಿಡುವ ಘೋರವಾದ ವಿನೋದವೊಂದು ಆ ದೇಶದಲ್ಲಿ ಶತಮಾನಗಳ ಕಾಲ ನಡೆಯುತ್ತಿದ್ದು, ಆ ಕೆಲಸಕ್ಕಾಗಿ ಬೆಳೆಸಿದ ಗಟ್ಟಿಮುಟ್ಟಾದ, ಚುರುಕಾದ ನಾಯಿಯಾಗಿತ್ತು ಅದು. 1835ರ ಕಾನೂನು ಆ ಆಟವನ್ನು ನಿಷೇಧಿಸಿದ ಬಳಿಕ ನಾಯಿಗೆ ಕೆಲಸ ತಪ್ಪಿತು; ಕೆಲಸ ತಪ್ಪಿದ ನಾಯಿ ಪ್ರದರ್ಶನದ ವಸ್ತುವಾಯಿತು. ಇಂಗ್ಲೆಂಡಿನ ಮೊದಲ ನಾಯಿ ಪ್ರದರ್ಶನ 1859ರಲ್ಲಿ ನ್ಯೂಕಾಸಲ್ ಪಟ್ಟಣದಲ್ಲಿ ನಡೆಯಿತು. 1873ರಲ್ಲಿ ತಳಿನಾಯಿಗಳ ನೋಂದಣಿ ನಡೆಸುವ ಕೆನೆಲ್ ಕ್ಲಬ್ ಸ್ಥಾಪಿತವಾಯಿತು. ನಾಟಿಂಗ್‌ಹ್ಯಾಮಿನ ಲೇಸು ನೇಯುವ ಕುಶಲಕರ್ಮಿಗಳು ಯಂತ್ರಗಳ ಹಾವಳಿಯಿಂದ ಜೀವನೋಪಾಯವನ್ನು ಕಳೆದುಕೊಂಡು ಫ್ರಾನ್ಸಿಗೆ ವಲಸೆ ಹೋದಾಗ ತಮ್ಮ ಪುಟ್ಟ ಬುಲ್‌ಡಾಗುಗಳನ್ನೂ ಜೊತೆಗೆ ಕೊಂಡೊಯ್ದರು. ಅವುಗಳ ಸಂತತಿಯೇ ಇಂದು ಜಗತ್ತನ್ನು ಮರುಳುಮಾಡಿರುವ ಫ್ರೆಂಚ್ ಬುಲ್‌ಡಾಗ್. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೇನೆಗಳು ಬೀಜಿಂಗಿನ ಬೇಸಗೆಯ ಅರಮನೆಯನ್ನು ಸೂರೆಮಾಡಿದಾಗ ದೊರೆತ ಪೆಕಿನೀಸ್ ನಾಯಿಗಳಲ್ಲೊಂದು ವಿಕ್ಟೋರಿಯಾ ರಾಣಿಗೆ ಕಾಣಿಕೆಯಾಗಿ ಸಂದಿತು. ಲೂಟಿಯಿಂದ ಬಂದ ನಾಯಿಗೆ ಲೂಟಿ ಎಂಬ ಹೆಸರನ್ನೇ ಇಟ್ಟರು.

ಪ್ರದರ್ಶನವೆಂದ ಮೇಲೆ ತೀರ್ಪು ಬೇಕು, ತೀರ್ಪಿಗೆ ಅಳತೆಗೋಲು ಬೇಕು. ಹಾಗೆ ಪ್ರತಿಯೊಂದು ತಳಿಗೂ ಲಿಖಿತವಾದ ಲಕ್ಷಣಪಟ್ಟಿಯೊಂದು ಸಿದ್ಧವಾಯಿತು: ಕಿವಿ ಹೀಗಿರತಕ್ಕದ್ದು, ಬಾಲ ಹೀಗಿರತಕ್ಕದ್ದು, ಮೂತಿ ಹ್ರಸ್ವವಾಗಿರತಕ್ಕದ್ದು. ನಾಯಿ ಎಷ್ಟು ಓಡಬಲ್ಲುದು, ಎಷ್ಟು ಚೆನ್ನಾಗಿ ಉಸಿರಾಡಬಲ್ಲುದು, ತಾನಾಗಿ ಮರಿಹಾಕಬಲ್ಲುದೆ ಎಂಬ ಪ್ರಶ್ನೆಗಳಿಗೆ ಆ ಅಂಗಳದಲ್ಲಿ ಪ್ರಮುಖ ಸ್ಥಾನವಿರಲಿಲ್ಲ. ಸ್ಪರ್ಧೆಯ ಧರ್ಮವೇ ಅತಿರೇಕದ ಕಡೆಗೆ ಎಳೆಯುವುದಾದುದರಿಂದ, ಹ್ರಸ್ವವಾದ ಮೂತಿ ಗುಣವೆಂದು ಒಮ್ಮೆ ಒಪ್ಪಿಕೊಂಡ ಮೇಲೆ ಇನ್ನೂ ಹ್ರಸ್ವವಾದದ್ದು ಇನ್ನೂ ದೊಡ್ಡ ಗುಣವೆನಿಸಿತು. ಪದಕ ಪಡೆದ ಗಂಡುನಾಯಿಯನ್ನೇ ನೂರಾರು ಹೆಣ್ಣುನಾಯಿಗಳಿಗೆ ಕೂಡಿಸಲಾಗಿ ಅದರ ಮುಖ ಮುಂದಿನ ತಲೆಮಾರಿನ ಸಾಮಾನ್ಯ ಮುಖವಾಯಿತು. ಆ ಸಾಮಾನ್ಯದ ನಡುವೆ ಗೆಲ್ಲಬೇಕಾದರೆ ಮುಖ ಮತ್ತಷ್ಟು ಒಳಸರಿಯಬೇಕಾಯಿತು. ಯಾವ ಒಬ್ಬ ವ್ಯಕ್ತಿಯೂ ಉಸಿರಾಡಲಾರದ ನಾಯಿಯನ್ನು ಸೃಷ್ಟಿಸುತ್ತೇನೆಂದು ಹೊರಟಿರಲಿಲ್ಲ. ಪ್ರತಿಯೊಬ್ಬನೂ ತನ್ನ ಪಾಲಿನ ಕೂದಲೆಳೆಯಷ್ಟು ಮಾತ್ರ ಮುಂದೆ ನಡೆದನು.

ಈಗ ಆ ಚಪ್ಪಟೆ ಮುಖದ ಹಿಂದೆ ನಡೆದಿರುವುದೇನೆಂಬುದನ್ನು ತುಸು ಸಾವಧಾನವಾಗಿ ನೋಡಬೇಕು. ಆನುವಂಶಿಕ ವಿಜ್ಞಾನಿಗಳು ಇಂಥ ನಾಯಿಗಳ ವಂಶವಾಹಿಗಳಲ್ಲಿ ಮುಖದ ಮೂಳೆಯ ಬೆಳವಣಿಗೆಗೆ ಸಂಬಂಧಪಟ್ಟ ಕೆಲವು ವ್ಯತ್ಯಾಸಗಳನ್ನು ಗುರುತಿಸಿದ್ದಾರೆ. ಅವುಗಳಲ್ಲೊಂದಾದ ಎಸ್‌ಎಂಓಸಿ2 ಎಂಬ ವಂಶವಾಹಿಯ ಪಾತ್ರ 2017ರಲ್ಲಿ ಪ್ರಕಟವಾಯಿತು. ಮೂತಿಯ ಮೂಳೆಯೇನೋ ಹೀಗೆ ಗಿಡ್ಡವಾಯಿತು. ಆದರೆ ಮೂಳೆಯ ಒಳಗಿನ ಮಾಂಸಲ ಭಾಗಗಳಾದ ನಾಲಗೆ, ಅಂಗುಳು, ಮೂಗಿನೊಳಗಿನ ಸುರುಳಿ ಪದರಗಳು ಅದೇ ಪ್ರಮಾಣದಲ್ಲಿ ಕಿರಿದಾಗಲಿಲ್ಲ. ತೊಟ್ಟಿಮನೆಯ ಸರಂಜಾಮನ್ನೆಲ್ಲ ಒಂದೇ ಕೋಣೆಗೆ ತಂದು ತುರುಕಿದರೆ ಓಡಾಡುವ ದಾರಿಯೇ ಹೇಗೆ ಮುಚ್ಚಿಹೋಗುವುದೋ ಹಾಗೆ, ಆ ನಾಯಿಯ ಮುಖದಲ್ಲಿ ಗಾಳಿ ಹೋಗಬೇಕಾದ ದಾರಿಯೆಲ್ಲ ಅದರದೇ ಅಂಗಗಳಿಂದ ತುಂಬಿಹೋಗಿದೆ. ಹೊಳ್ಳೆಗಳು ದುಂಡಗೆ ತೆರೆದಿರುವ ಬದಲು ಸಣ್ಣ ಸೀಳುಗಳಾಗಿವೆ. ಮೃದುವಾದ ಹಿಂಬದಿಯ ಅಂಗುಳು ಉದ್ದವಾಗಿಯೂ ದಪ್ಪವಾಗಿಯೂ ಇದ್ದು ಧ್ವನಿಪೆಟ್ಟಿಗೆಯ ಬಾಗಿಲಿಗೆ ಇಳಿಬಿದ್ದು ಪ್ರತಿ ಉಸಿರಿಗೂ ಅಡ್ಡಬರುತ್ತದೆ. ನಾಲಗೆ ಬಾಯಿಗೆ ಮೀರಿದುದು. ಬುಲ್‌ಡಾಗುಗಳಲ್ಲಿಯಂತೂ ಶ್ವಾಸನಾಳವೇ ಹುಟ್ಟಿನಿಂದ ಕಿರಿದಾಗಿರುವುದು ಅನೇಕ ವೇಳೆ ಕಂಡುಬರುತ್ತದೆ.

ನಳಿಗೆಯೊಂದರ ಮೂಲಕ ಸಮನಾಗಿ ಹರಿಯುವ ಗಾಳಿಗೆ ಒದಗುವ ಪ್ರತಿರೋಧವು ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಏರುತ್ತದೆಂಬುದು ಭೌತಶಾಸ್ತ್ರದ ಒಂದು ನಿಯಮ. ಎಂದರೆ ದಾರಿ ಅರ್ಧದಷ್ಟು ಕಿರಿದಾದರೆ ಶ್ರಮ ಎರಡರಷ್ಟಲ್ಲ, ಹದಿನಾರರಷ್ಟು. ಈ ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದುದೆಲ್ಲ ತಾನಾಗಿಯೇ ಅರ್ಥವಾದೀತು. ಗಾಳಿಯನ್ನು ಒಳಗೆಳೆಯಲು ನಾಯಿ ಎದೆಯ ಬಲವನ್ನೆಲ್ಲ ಹಾಕುತ್ತದೆ; ಆ ಸೆಳೆತಕ್ಕೆ ಸಿಕ್ಕ ಗಂಟಲಿನ ಮೃದು ಪದರಗಳು ಊದಿಕೊಳ್ಳುತ್ತವೆ, ಧ್ವನಿಪೆಟ್ಟಿಗೆಯ ಒಳಗಿನ ಸಣ್ಣ ಚೀಲಗಳು ಮಗುಚಿಕೊಂಡು ಹೊರಬೀಳುತ್ತವೆ, ವರ್ಷಗಳು ಕಳೆದಂತೆ ಅದರ ಮೃದ್ವಸ್ಥಿಯೇ ಕುಸಿಯುವುದುಂಟು. ಅದೇ ಸೆಳೆತ ಹೊಟ್ಟೆಯಲ್ಲಿದ್ದುದನ್ನೂ ಮೇಲಕ್ಕೆ ತರುವುದರಿಂದ ಈ ನಾಯಿಗಳು ಪದೇಪದೇ ಕಕ್ಕುತ್ತವೆ. ಪಶುವೈದ್ಯರು ಈ ಸಮಸ್ತ ಸ್ಥಿತಿಯನ್ನು ಬಿ.ಓ.ಎ.ಎಸ್. ಎಂಬ ಸಂಕ್ಷಿಪ್ತನಾಮದಿಂದ ಗುರುತಿಸುತ್ತಾರೆ. ನಮ್ಮ ಕೈಗಳಲ್ಲಿರುವ ಮೊಬೈಲುಗಳಲ್ಲಿ ಪಗ್ಗೊಂದು ಕುಳಿತಲ್ಲಿಯೇ ತೂಕಡಿಸಿ ಮುಗ್ಗರಿಸುವ, ಬುಲ್‌ಡಾಗ್ ಮರಿಯೊಂದು ಆಟಿಕೆಯನ್ನು ಬಾಯಲ್ಲಿ ಕಚ್ಚಿಕೊಂಡೇ ನಿದ್ದೆಹೋಗುವ ದೃಶ್ಯಗಳು ಬಂದಾಗ ಮನೆಮಂದಿಯೆಲ್ಲ ನಕ್ಕು ಆನಂದಿಸುವುದನ್ನು ಕಂಡಿದ್ದೇವೆ. ಮಲಗಿದರೆ ಗಂಟಲು ಮುಚ್ಚಿಕೊಳ್ಳುವುದರಿಂದ ಕುಳಿತೇ ಮಲಗುವುದು, ಬಾಯಿ ಮುಚ್ಚಿದರೆ ಉಸಿರು ಕಟ್ಟುವುದರಿಂದ ಅದಕ್ಕೆ ಏನನ್ನಾದರೂ ಅಡ್ಡವಿಟ್ಟುಕೊಳ್ಳುವುದು, ಇವು ಆ ರೋಗದ ಚಿಹ್ನೆಗಳೆಂದು ತಿಳಿದ ಮೇಲೆ ಆ ದೃಶ್ಯಗಳನ್ನು ನಗುತ್ತ ನೋಡುವುದು ನನಗಂತೂ ಸಾಧ್ಯವಾಗಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಬಿಸಿಲೂ ಕೂಡಿಕೊಳ್ಳುತ್ತದೆ. ಮನುಷ್ಯ ಮೈಯೆಲ್ಲ ಬೆವತು ತಂಪಾಗುತ್ತಾನೆ. ನಾಯಿಗೆ ಬೆವರಿನ ಗ್ರಂಥಿಗಳಿಂದ ಆಗುವ ಉಪಯೋಗ ಅಂಗಾಲುಗಳಷ್ಟಕ್ಕೇ ಸೀಮಿತವಾದುದರಿಂದ, ಅದು ತೇಕುತ್ತ, ಮೂಗು ಬಾಯಿಗಳ ತೇವದ ಮೇಲೆ ಗಾಳಿಯನ್ನು ಹಾಯಿಸಿ, ಆ ತೇವ ಆವಿಯಾಗುವುದರ ಮೂಲಕ ತನ್ನ ರಕ್ತವನ್ನು ತಂಪುಮಾಡಿಕೊಳ್ಳಬೇಕು. ಉದ್ದವಾದ ಮೂತಿ ಎಂದರೆ ಈ ತಂಪಿನ ಯಂತ್ರ. ಅದನ್ನೇ ಕಳೆದುಕೊಂಡ ನಾಯಿ ಎಷ್ಟು ತೇಕಿದರೂ ತಂಪಾಗದು. ತೇಕುವ ಶ್ರಮದಿಂದಲೇ ಮೈ ಮತ್ತಷ್ಟು ಕಾಯುತ್ತದೆ, ಗಂಟಲು ಮತ್ತಷ್ಟು ಊದುತ್ತದೆ, ಊದಿದ ಗಂಟಲಿನಲ್ಲಿ ಗಾಳಿ ಮತ್ತಷ್ಟು ಕಡಿಮೆಯಾಗುತ್ತದೆ. ಈ ವಿಷಚಕ್ರ ಅರ್ಧ ಗಂಟೆಯೊಳಗೆ ಪ್ರಾಣವನ್ನು ತೆಗೆಯಬಲ್ಲುದು. ಬ್ರಿಟನ್ನಿನ ಪಶುವೈದ್ಯಶಾಲೆಗಳ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಲ್ಯಾಬ್ರಡಾರ್ ನಾಯಿಗೆ ಹೋಲಿಸಿದರೆ ಬುಲ್‌ಡಾಗಿಗೆ ಉಷ್ಣಾಘಾತವಾಗುವ ಸಂಭವ ಸುಮಾರು 14 ಪಟ್ಟು, ಫ್ರೆಂಚ್ ಬುಲ್‌ಡಾಗಿಗೆ 6 ಪಟ್ಟು ಹೆಚ್ಚು. ಅದು ಇಂಗ್ಲೆಂಡಿನ ಬೇಸಗೆಯ ಮಾತು. ಚೈತ್ರ ವೈಶಾಖಗಳಲ್ಲಿ 40 ಡಿಗ್ರಿಯನ್ನು ದಾಟುವ ಕಲಬುರಗಿ ರಾಯಚೂರುಗಳಲ್ಲಿ ಇಂಥ ನಾಯಿಯನ್ನು ಮಧ್ಯಾಹ್ನ ಹೊರಗೆ ಕರೆದೊಯ್ಯುವುದೆಂದರೆ ಅದರ ಜೀವವನ್ನು ಪಣವಾಗಿಟ್ಟಂತೆ. ಅನೇಕ ವಿಮಾನಸಂಸ್ಥೆಗಳು ಚಪ್ಪಟೆ ಮುಖದ ತಳಿಗಳನ್ನು ಸರಕಿನ ಅಂಕಣದಲ್ಲಿ ಸಾಗಿಸಲು ಒಪ್ಪದಿರುವುದಕ್ಕೆ ಕಾರಣವೂ ಇದೇ.

ಉಳಿದ ಬಾಧೆಗಳನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. ಕಣ್ಣಿನ ಗುಳಿಗಳು ಆಳವಿಲ್ಲದುದರಿಂದ ಕಣ್ಣುಗುಡ್ಡೆಗಳು ಹೊರಚಾಚಿ, ರೆಪ್ಪೆಗಳು ಪೂರ್ತಿಯಾಗಿ ಮುಚ್ಚದೆ, ಕಾರ್ನಿಯಾ ಒಣಗಿ ಹುಣ್ಣಾಗುತ್ತದೆ. ನಾಯಿಗಿರುವ 42 ಹಲ್ಲುಗಳೂ ಗಿಡ್ಡ ದವಡೆಯಲ್ಲಿಯೇ ಸ್ಥಳ ಹುಡುಕಬೇಕಾದುದರಿಂದ ಅವು ಅಡ್ಡಾದಿಡ್ಡಿಯಾಗಿ ತಿರುಗಿ ಬೆಳೆಯುತ್ತವೆ. ಮುಖದ ಮಡಿಕೆಗಳಲ್ಲಿ ತೇವ ನಿಂತು ಚರ್ಮ ಕೊಳೆಯುತ್ತದೆ. ಎಲ್ಲರೂ ಮೆಚ್ಚುವ ತಿರುಚಿದ ಗಿಡ್ಡಬಾಲದ ಹಿಂದೆ ಬೆನ್ನೆಲುಬಿನ ಮಣಿಗಳು ಅರೆಬರೆಯಾಗಿ ರೂಪುಗೊಂಡಿರುವ ದೋಷ ಅನೇಕ ವೇಳೆ ಅಡಗಿದ್ದು, ಕೆಲವು ನಾಯಿಗಳಿಗೆ ಹಿಂಗಾಲುಗಳ ಸ್ವಾಧೀನವೇ ತಪ್ಪುತ್ತದೆ. ಬ್ರಿಟನ್ನಿನಲ್ಲಿ ಸುಮಾರು ಆರು ಲಕ್ಷ ನಾಯಿಗಳ ದಾಖಲೆಗಳನ್ನು ಆಧರಿಸಿ 2024ರಲ್ಲಿ ಹೊರಬಂದ ಅಧ್ಯಯನವು ಚಪ್ಪಟೆ ಮುಖದ ತಳಿಗಳ ಮಧ್ಯಮ ಆಯುಷ್ಯ 11.2 ವರ್ಷವೆಂದೂ, ಸಾಧಾರಣ ಮೂತಿಯ ತಳಿಗಳದು 12.8 ವರ್ಷವೆಂದೂ ತಿಳಿಸಿತು. ಆಯುಷ್ಯದ ಆ ಒಂದೂವರೆ ವರ್ಷದ ನಷ್ಟಕ್ಕಿಂತ, ಬದುಕಿದ ವರ್ಷಗಳು ಹೇಗೆ ಕಳೆದವೆಂಬುದೇ ನನಗೆ ದೊಡ್ಡ ಪ್ರಶ್ನೆಯಾಗಿ ತೋರುತ್ತದೆ.

ಪ್ರಸವದ ವಿಷಯವನ್ನು ಮಾತ್ರ ಹೀಗೆ ಬೇಗನೆ ದಾಟಿಹೋಗುವಂತಿಲ್ಲ. ಬುಲ್‌ಡಾಗಿನ ಲಕ್ಷಣಪಟ್ಟಿ ದೊಡ್ಡ ತಲೆಯನ್ನೂ, ಅಗಲವಾದ ಭುಜಗಳನ್ನೂ, ಕಿರಿದಾದ ಸೊಂಟವನ್ನೂ ಬಯಸಿತು, ಬಯಸಿದುದು ದೊರೆಯಿತು. ಫಲವಾಗಿ ಮರಿಯ ತಲೆ ತಾಯಿಯ ಹೆರಿಗೆಯ ದಾರಿಯಲ್ಲಿ ಹಿಡಿಸದಾಯಿತು. ಬ್ರಿಟನ್ನಿನಲ್ಲಿ 2010ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಬಾಸ್ಟನ್ ಟೆರಿಯರ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್ ಈ ಮೂರೂ ತಳಿಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಸೂಲುಗಳು ಸಿಸೇರಿಯನ್ ಶಸ್ತ್ರಚಿಕಿತ್ಸೆಯ ಮೂಲಕವೇ ಆದವೆಂದು ಕಂಡುಬಂದಿತು. ಕೂಡುವ ಕಾರ್ಯದಲ್ಲಿಯೂ ಮೈಯ ಆಕಾರವೂ ಉಸಿರಿನ ಕೊರತೆಯೂ ಅಡ್ಡಬರುವುದರಿಂದ ಕೃತಕ ಗರ್ಭಧಾರಣೆಯ ಮೊರೆಹೋಗುವುದು ವಾಡಿಕೆಯಾಗಿದೆ. ಎಂದರೆ ಮನುಷ್ಯನ ಸೂಜಿ ಕತ್ತರಿಗಳು ಒದಗದಿದ್ದರೆ ಈ ತಳಿಗಳು ಕೆಲವೇ ತಲೆಮಾರುಗಳಲ್ಲಿ ಬಹುಮಟ್ಟಿಗೆ ಕ್ಷೀಣಿಸಿಹೋದಾವು. ತನ್ನ ಸಂತತಿಯನ್ನು ತಾನೇ ಹೆರುವ ಶಕ್ತಿಯನ್ನು ಒಂದು ಜೀವಜಾತಿಯಿಂದ ಅಲಂಕಾರಕ್ಕಾಗಿ ಕಿತ್ತುಕೊಳ್ಳುವ ಅಧಿಕಾರ ನಮಗೆ ಯಾರಿಂದ ಬಂದಿತು?

ಹಾಗಾದರೆ ಇವನ್ನು ಸಾಕಿದವರಿಗೆ ಇದೆಲ್ಲ ಕಾಣುವುದಿಲ್ಲವೆ? ಕಾಣುತ್ತದೆ, ಆದರೆ ಕಂಡುದು ದುಃಖವೆಂದು ತಿಳಿಯುವುದಿಲ್ಲ. ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಸಿರಾಟದ ತೊಂದರೆಯ ಸ್ಪಷ್ಟ ಲಕ್ಷಣಗಳಿದ್ದ ನಾಯಿಗಳ ಒಡೆಯರಲ್ಲಿ ನೂರಕ್ಕೆ 58 ಮಂದಿ ತಮ್ಮ ನಾಯಿಗೆ ಅಂಥ ತೊಂದರೆಯೇನೂ ಇಲ್ಲವೆಂದು ಹೇಳಿದರು. ಅವರು ಸುಳ್ಳಾಡಿದರೆಂದು ಭಾವಿಸಬೇಕಾಗಿಲ್ಲ. ತಳಿಯ ಎಲ್ಲ ನಾಯಿಗಳೂ ಗೊರಕೆ ಹೊಡೆಯುವಾಗ ಗೊರಕೆ ಆ ತಳಿಯ ಸ್ವಭಾವವೆನಿಸುತ್ತದೆ; ಸ್ವಭಾವವೆನಿಸಿದುದಕ್ಕೆ ಯಾರೂ ಚಿಕಿತ್ಸೆ ಮಾಡಿಸುವುದಿಲ್ಲ. ಆ ಮುಖ ನಮ್ಮನ್ನು ಹಾಗೇಕೆ ಸೆಳೆಯುತ್ತದೆಂಬುದಕ್ಕೂ ಒಂದು ವಿವರಣೆಯುಂಟು. ಪ್ರಾಣಿವರ್ತನೆಯ ವಿದ್ವಾಂಸರಾದ ಕೊನ್ರಾಡ್ ಲೊರೆನ್ಸ್ 1943ರಲ್ಲಿ ಪ್ರತಿಪಾದಿಸಿದಂತೆ, ಉಬ್ಬಿದ ಹಣೆ, ದೊಡ್ಡ ಕಣ್ಣು, ಗುಂಡು ಕೆನ್ನೆ, ಪುಟ್ಟ ಮೂಗು ಇವುಗಳನ್ನು ಕಂಡೊಡನೆ ಮನುಷ್ಯನಲ್ಲಿ ಶಿಶುವಾತ್ಸಲ್ಯ ಜಾಗೃತವಾಗುತ್ತದೆ. ತಾಯ್ತನದ ಆ ಪವಿತ್ರವಾದ ಭಾವವೇ ಇಲ್ಲಿ ದಾರಿತಪ್ಪಿದೆ: ಮಗುವಿನಂತೆ ಕಾಣುವ ಜೀವವನ್ನು ನಾವು ಅಪ್ಪಿಕೊಂಡಿದ್ದೇವೆ, ಆ ಜೀವ ಮಗುವಿನಂತೆ ಕಾಣುವುದಕ್ಕಾಗಿ ತೆತ್ತುದೇನೆಂದು ಕೇಳಿಲ್ಲ.

2008ರ ಆಗಸ್ಟಿನಲ್ಲಿ ಬಿ.ಬಿ.ಸಿ. ದೂರದರ್ಶನವು ಜೆಮಿಮಾ ಹ್ಯಾರಿಸನ್ ನಿರ್ಮಿಸಿದ ಸಾಕ್ಷ್ಯಚಿತ್ರವೊಂದನ್ನು ಪ್ರಸಾರಮಾಡಿ, ವಂಶಶುದ್ಧಿಯ ಹೆಸರಿನಲ್ಲಿ ನಡೆಯುತ್ತಿದ್ದುದನ್ನು ಇಂಗ್ಲೆಂಡಿನ ಮನೆಮನೆಗೂ ತಲುಪಿಸಿದಾಗ ದೊಡ್ಡ ಕೋಲಾಹಲವೇ ಎದ್ದಿತು. ಮರುವರ್ಷ ಕ್ರಫ್ಟ್ಸ್ ಎಂಬ ಜಗದ್ವಿಖ್ಯಾತ ಪ್ರದರ್ಶನದ ಪ್ರಸಾರವನ್ನು ಆ ಸಂಸ್ಥೆ ಕೈಬಿಟ್ಟಿತು. ಅದೇ 2008ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳು ವಂಶಾವಳಿಗಳನ್ನು ಲೆಕ್ಕಹಾಕಿ, ಬ್ರಿಟನ್ನಿನಲ್ಲಿರುವ ಸುಮಾರು 10,000 ಪಗ್ಗುಗಳ ಆನುವಂಶಿಕ ವೈವಿಧ್ಯ ಕೇವಲ 50ರಷ್ಟು ನಾಯಿಗಳಿಗೆ ಸಮನಾದುದೆಂದು ತೋರಿಸಿಕೊಟ್ಟರು. ಸಗೋತ್ರ ವಿವಾಹವನ್ನು ತಲೆತಲಾಂತರದಿಂದ ನಿಷೇಧಿಸಿಕೊಂಡು ಬಂದ ನಮ್ಮ ಜನಕ್ಕೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. 2010ರಲ್ಲಿ ಕೇಂಬ್ರಿಜ್ಜಿನ ಪ್ರಾಧ್ಯಾಪಕ ಸರ್ ಪ್ಯಾಟ್ರಿಕ್ ಬೇಟ್ಸನ್ ಅವರ ಸ್ವತಂತ್ರ ವಿಚಾರಣಾ ವರದಿಯೂ ಹೊರಬಂದಿತು. ಇಷ್ಟೆಲ್ಲ ತಿಳಿದ ಮೇಲೆ ಜನ ಈ ತಳಿಗಳಿಂದ ವಿಮುಖರಾಗಬೇಕಾಗಿತ್ತು. ಆದುದು ಅದಕ್ಕೆ ವಿಪರೀತ. 2018ರಲ್ಲಿ ಬ್ರಿಟನ್ನಿನ ನೋಂದಣಿಯಲ್ಲಿಯೂ 2022ರಲ್ಲಿ ಅಮೆರಿಕದ ನೋಂದಣಿಯಲ್ಲಿಯೂ ಫ್ರೆಂಚ್ ಬುಲ್‌ಡಾಗ್ ಲ್ಯಾಬ್ರಡಾರ್ ನಾಯಿಯನ್ನು ಹಿಂದೆಹಾಕಿ ಮೊದಲನೆಯ ಸ್ಥಾನಕ್ಕೇರಿತು.

ತಿಳಿವಳಿಕೆಯೊಂದೇ ಸಾಲದೆಂದು ಕಂಡುಕೊಂಡ ಕೆಲವು ದೇಶಗಳು ಕಾನೂನಿನ ಕಡೆ ತಿರುಗಿವೆ. ಜರ್ಮನಿಯ ಪ್ರಾಣಿರಕ್ಷಣಾ ಶಾಸನದಲ್ಲಿ ಸಂತಾನಕ್ಕೆ ನೋವುಂಟುಮಾಡುವ ಸಂವರ್ಧನೆಯ ಮೇಲೆ ನಿಷೇಧವಿದೆ. ನೆದರ್‌ಲೆಂಡ್ಸ್ 2019ರಲ್ಲಿ ಇನ್ನೂ ಖಚಿತವಾದ ಹೆಜ್ಜೆಯನ್ನಿಟ್ಟು, ಮೂತಿಯ ಉದ್ದ ಬುರುಡೆಯ ಉದ್ದದ ಸುಮಾರು ಮೂರನೆಯ ಒಂದು ಪಾಲಿಗಿಂತ ಕಡಿಮೆಯಿರುವ ನಾಯಿಯಿಂದ ಮರಿಹಾಕಿಸಕೂಡದೆಂದು ವಿಧಿಸಿತು. ನಾರ್ವೆಯಲ್ಲಿ ಪ್ರಾಣಿರಕ್ಷಣಾ ಸಂಸ್ಥೆಯೊಂದು ತಳಿಸಂವರ್ಧಕರ ಮೇಲೆ ಹೂಡಿದ ದಾವೆಯಲ್ಲಿ, 2022ರ ಜನವರಿಯಲ್ಲಿ ಓಸ್ಲೋ ನಗರದ ನ್ಯಾಯಾಲಯವು ಇಂಗ್ಲಿಷ್ ಬುಲ್‌ಡಾಗ್ ಮತ್ತು ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಈ ಎರಡರ ಸಂವರ್ಧನೆಯೂ ಕಾನೂನುಬಾಹಿರವೆಂದು ತೀರ್ಪಿತ್ತಿತು. ಮೇಲ್ಮನವಿಯಲ್ಲಿ ಬುಲ್‌ಡಾಗಿನ ಮಟ್ಟಿಗೆ ಆ ತೀರ್ಪು ತಿರುಗಿತಾದರೂ, ಕ್ಯಾವಲಿಯರ್ ತಳಿಯ ವಿಷಯದಲ್ಲಿ ಅದನ್ನು 2023ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು.

ಇದಕ್ಕೆ ಎದುರಾಗಿ ಬರುವ ವಾದಗಳಲ್ಲಿ ಒಂದಕ್ಕೆ ಮಾತ್ರ ನಿಂತು ಉತ್ತರ ಹೇಳಬೇಕಾದಷ್ಟು ಬಲವಿದೆ. ಈ ಸಂವರ್ಧನೆಯೇ ನಡೆಯದಿದ್ದಲ್ಲಿ ಈ ನಾಯಿ ಹುಟ್ಟುತ್ತಲೇ ಇರಲಿಲ್ಲ. ಸ್ವಲ್ಪ ಏದುಸಿರುಬಿಟ್ಟರೂ ಅದು ಉಣ್ಣುತ್ತದೆ, ಆಡುತ್ತದೆ, ಬಾಲವಾಡಿಸುತ್ತದೆ. ಹುಟ್ಟದಿರುವುದಕ್ಕಿಂತ ಹೀಗೆ ಹುಟ್ಟಿದುದೇ ಅದಕ್ಕೆ ಲಾಭವಲ್ಲವೆ ಎಂಬುದು ಆ ವಾದ. ಮೇಲುನೋಟಕ್ಕೆ ದಯೆಯ ಮಾತಿನಂತೆ ಕೇಳಿಸಿದರೂ ಇದರಲ್ಲೊಂದು ತೊಡಕಿದೆ. ಹುಟ್ಟದ ಜೀವಕ್ಕೆ ನಷ್ಟವೆಂಬುದಿಲ್ಲ. ಜನ್ಮವನ್ನು ಬೇಡುತ್ತ ಯಾವ ಮರಿಯೂ ಎಲ್ಲಿಯೂ ಕಾದುನಿಂತಿಲ್ಲ. ಯಾವ ಗಂಡನ್ನು ಯಾವ ಹೆಣ್ಣಿಗೆ ಕೂಡಿಸಬೇಕೆಂದು ನಿರ್ಧರಿಸುವವನ ಮುಂದೆ ಇರುವುದು ಜನ್ಮ ಮತ್ತು ಶೂನ್ಯ ಎಂಬ ಎರಡು ದಾರಿಗಳಲ್ಲ. ಸುಖವಾಗಿ ಉಸಿರಾಡುವ ಮರಿಗಳು, ಕಷ್ಟದಿಂದ ಉಸಿರಾಡುವ ಮರಿಗಳು ಎಂಬ ಎರಡು ದಾರಿಗಳು. ಫಲವೇನೆಂದು ತಿಳಿದೂ ಎರಡನೆಯದನ್ನು, ಅದೂ ನೋಡುವವರ ಕಣ್ಣಿನ ಸಂತೋಷಕ್ಕಾಗಿ ಆರಿಸಿಕೊಂಡವನು, ಆ ಮರಿ ಬಾಲವಾಡಿಸುವುದನ್ನು ತೋರಿಸಿ ತನ್ನ ಆಯ್ಕೆಯನ್ನು ಸಮರ್ಥಿಸಿಕೊಳ್ಳಲಾರನು. ಬಾಲವಾಡಿಸುವುದು ನಾಯಿಯ ಔದಾರ್ಯ, ನಮ್ಮ ನಿರ್ದೋಷಿತ್ವಕ್ಕೆ ಪ್ರಮಾಣವಲ್ಲ.

ಚಪ್ಪಟೆ ಮುಖದ ನಾಯಿಗಳೆಲ್ಲವೂ ಒಂದೇ ಸಮನಾಗಿ ನರಳುವುದಿಲ್ಲವೆಂಬುದನ್ನೂ ಹೇಳುವುದು ನ್ಯಾಯ. ಕೇಂಬ್ರಿಜ್ ವಿಶ್ವವಿದ್ಯಾಲಯದ ಪಶುವೈದ್ಯರು ನಾಯಿಯನ್ನು ಮೂರು ನಿಮಿಷ ಓಡುನಡಿಗೆಯಲ್ಲಿ ನಡೆಸಿ, ಮೊದಲೂ ಅನಂತರವೂ ಅದರ ಗಂಟಲಿಗೆ ಸ್ಟೆತಾಸ್ಕೋಪ್ ಇಟ್ಟು ಆಲಿಸಿ, ಸೊನ್ನೆಯಿಂದ ಮೂರರವರೆಗೆ ದರ್ಜೆ ಕೊಡುವ ಕ್ರಮವೊಂದನ್ನು ರೂಪಿಸಿದ್ದಾರೆ; 2019ರಿಂದ ಬ್ರಿಟನ್ನಿನ ಕೆನೆಲ್ ಕ್ಲಬ್ ಅದನ್ನು ಬಳಕೆಗೆ ತಂದಿದೆ. ಉಸಿರು ಸಲೀಸಾದವುಗಳಿಂದ ಮಾತ್ರ ಮರಿಹಾಕಿಸಿದರೆ ತಳಿ ನಿಧಾನವಾಗಿ ಸುಧಾರಿಸೀತೆಂಬುದು ಅವರ ಆಶಯ. ಆದರೆ 50 ನಾಯಿಗಳಷ್ಟೇ ವೈವಿಧ್ಯವುಳ್ಳ ತಳಿಯಲ್ಲಿ ಆರಿಸಿಕೊಳ್ಳಲು ಉಳಿದಿರುವುದಾದರೂ ಎಷ್ಟು? ಹೊರಗಿನ ತಳಿಯೊಂದರ ರಕ್ತವನ್ನು ತಂದು ಬೆರಸುವುದೇ ಹೆಚ್ಚು ನೇರವಾದ ದಾರಿಯೆಂದು ನನಗೆ ತೋರುತ್ತದೆ. ವಂಶಶುದ್ಧಿ ಕೆಡುವುದೆಂದು ಗೋಳಾಡುವವರು ಡಾಲ್ಮೇಷಿಯನ್ ನಾಯಿಯ ಕಥೆಯನ್ನು ಕೇಳಬೇಕು. ಆ ತಳಿಯ ನಾಯಿಗಳೆಲ್ಲವೂ ಯೂರಿಕ್ ಆಮ್ಲದ ದೋಷದಿಂದಾಗಿ ಮೂತ್ರಕೋಶದಲ್ಲಿ ಕಲ್ಲುಗಟ್ಟುವ ಅಪಾಯಕ್ಕೆ ಈಡಾಗಿದ್ದುವು. ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬ್ಲ್ 1973ರಲ್ಲಿ ಒಂದೇ ಒಂದು ಪಾಯಿಂಟರ್ ನಾಯಿಯೊಡನೆ ಸಂಕರ ಮಾಡಿಸಿ, ಅದರ ಸಂತತಿಯನ್ನು ಮತ್ತೆ ಮತ್ತೆ ಡಾಲ್ಮೇಷಿಯನ್ನುಗಳಿಗೇ ಕೂಡಿಸುತ್ತ ಹೋಗಲು, ಕೆಲವು ತಲೆಮಾರುಗಳಲ್ಲಿ ಚುಕ್ಕೆಗಳು ಮೊದಲಿನಂತೆಯೇ ಉಳಿದು ದೋಷ ಮಾತ್ರ ಮಾಯವಾಯಿತು. ಅಮೆರಿಕದ ಕೆನೆಲ್ ಕ್ಲಬ್ ಆ ಸಂತತಿಯನ್ನು ನೋಂದಣಿಗೆ ಶಾಶ್ವತವಾಗಿ ಒಪ್ಪಿಕೊಂಡುದು 2011ರಲ್ಲಿ, ಎಂದರೆ 38 ವರ್ಷಗಳ ಅನಂತರ. ವಿಜ್ಞಾನಕ್ಕೆ ಬೇಕಾದುದು ಕೆಲವು ತಲೆಮಾರಿನ ನಾಯಿಗಳು. ಅಭಿಮಾನ ಕರಗುವುದಕ್ಕೆ ಮನುಷ್ಯರದೇ ಒಂದು ತಲೆಮಾರು ಕಳೆಯಬೇಕಾಯಿತು.

ನಮ್ಮಲ್ಲಿ ಪಗ್ ನಾಯಿ ಮನೆಮಾತಾದುದು 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಿಂದ. ಹುಡುಗನೊಬ್ಬನ ಹಿಂದೆ ಎಲ್ಲೆಡೆಗೂ ನಡೆಯುವ ಆ ಪುಟ್ಟ ನಾಯಿಯನ್ನು ಕಂಡು ಮರುಳಾದ ಮಕ್ಕಳು ಅಪ್ಪ ಅಮ್ಮಂದಿರನ್ನು ಕಾಡಿದರು. ಇಂದಿಗೂ ಎಷ್ಟೋ ಮಂದಿಗೆ ಪಗ್ ಎಂದರೆ ತಿಳಿಯದು, ಹಚ್ ನಾಯಿ ಎಂದರೆ ಥಟ್ಟನೆ ಗೊತ್ತಾಗುತ್ತದೆ. ಬೇಡಿಕೆಗೆ ತಕ್ಕಂತೆ ಮರಿಗಳ ವ್ಯಾಪಾರವೂ ಬೆಳೆಯಿತು. ಕೇಂದ್ರ ಸರ್ಕಾರವು 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮದ ಅಡಿಯಲ್ಲಿ 2017ರಲ್ಲಿ ಹೊರಡಿಸಿದ ನಿಯಮಗಳು ತಳಿಸಂವರ್ಧಕರು ನೋಂದಾಯಿಸಿಕೊಳ್ಳಬೇಕೆಂದೂ, ಹೆಣ್ಣುನಾಯಿಯೊಂದರಿಂದ ಅದರ ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲುಗಳನ್ನು ಪಡೆಯಕೂಡದೆಂದೂ, ಒಂದರ ಹಿಂದೊಂದು ಬೆದೆಯಲ್ಲಿ ಕೂಡಿಸಕೂಡದೆಂದೂ, ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದೂ ವಿಧಿಸುತ್ತವೆ. ಇವು ಒಳ್ಳೆಯ ನಿಯಮಗಳೇ. ತಾಯಿನಾಯಿಯನ್ನು ಮರಿ ಹಾಕುವ ಯಂತ್ರವನ್ನಾಗಿಸುವುದನ್ನು ಅವು ತಡೆಯಬಯಸುತ್ತವೆ. ಹುಟ್ಟುವ ಮರಿಗೆ ಉಸಿರಾಡಲು ಸಾಕಷ್ಟು ಮೂತಿಯಿರಬೇಕೆಂದು ಡಚ್ಚರಂತೆ ಅಳತೆಯಿಟ್ಟು ಹೇಳುವ ಕಾಲವೂ ನಮ್ಮಲ್ಲಿ ಬರಬೇಕು. ಬಿಸಿಲಿನ ದೇಶಕ್ಕೆ ಅದರ ಅಗತ್ಯ ಡಚ್ಚರಿಗಿಂತಲೂ ಹೆಚ್ಚು.

ಕನ್ನಡನಾಡಿನಲ್ಲಿ ನಾಯಿಯ ಮೇಲಣ ಪ್ರೀತಿ ಹೊಸದಲ್ಲ. ಹತ್ತನೆಯ ಶತಮಾನದ ನಡುವಿನ ಆತಕೂರು ಶಾಸನ, ಮಣಲೆರನೆಂಬ ವೀರನ ಪರಾಕ್ರಮವನ್ನು ಮೆಚ್ಚಿದ ಒಡೆಯ ಏನು ಬೇಕೆಂದು ಕೇಳಲು ಅವನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದುದನ್ನೂ, ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಮಡಿದುದನ್ನೂ ಕಲ್ಲಿನಲ್ಲಿ ನಿಲ್ಲಿಸಿದೆ. ಆ ಕಾಲದವರು ನಾಯಿಯಲ್ಲಿ ಮೆಚ್ಚಿದುದು ಅದರ ವೇಗವನ್ನು, ದಮ್ಮನ್ನು, ಎದೆಗಾರಿಕೆಯನ್ನು. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಇಂದಿಗೂ ಅಂಥದೇ ಗುಣಗಳ ನಾಯಿ. ನೀಳವಾದ ಮೂತಿ, ಆಳವಾದ ಎದೆ, ಬಿಸಿಲಿಗೆ ಬಗ್ಗದ ಮೈ. ಹಾಗೆಂದು ಎಲ್ಲರೂ ಮುಧೋಳ ನಾಯಿಯನ್ನೇ ಕೊಳ್ಳಿರೆಂದು ಹೇಳಲು ನನಗೆ ಧೈರ್ಯವಿಲ್ಲ. ಓಡುವುದಕ್ಕೆ ಬಯಲು ಬೇಕಾದ ಆ ನಾಯಿಯನ್ನು ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಕಟ್ಟಿಹಾಕುವುದು ಬೇರೊಂದು ಬಗೆಯ ಅನ್ಯಾಯ. ಅಲ್ಲದೆ ಅದೂ ಬೆಡಗಿನ ವಸ್ತುವಾದರೆ, ಇನ್ನೂ ತೆಳುವಾದ ಸೊಂಟ, ಇನ್ನೂ ಚೂಪಾದ ಮುಖ ಎಂದು ಅದರ ಮೈಯನ್ನೂ ಅತಿರೇಕಕ್ಕೆ ಒಯ್ಯುವವರು ಹುಟ್ಟಿಕೊಂಡಾರು. ನಾಯಿ ಬೇಕೆನ್ನುವ ಸಾಧಾರಣ ಕುಟುಂಬಕ್ಕೆ ಬೀದಿಯಲ್ಲಿ ಹುಟ್ಟಿದ ನಮ್ಮ ನಾಡನಾಯಿಯ ಮರಿಗಿಂತ ಒಳ್ಳೆಯ ಸಂಗಾತಿ ಇನ್ನೊಂದಿಲ್ಲ.

ಈಗಾಗಲೇ ಮನೆಯಲ್ಲಿ ಪಗ್ಗನ್ನೋ ಬುಲ್‌ಡಾಗನ್ನೋ ಸಾಕಿಕೊಂಡಿರುವವರು ಇದನ್ನು ಓದಿ ನೊಂದುಕೊಳ್ಳಬಾರದು. ಆ ನಾಯಿ ನಿರಪರಾಧಿ. ಅದಕ್ಕೆ ಮಿಕ್ಕವುಗಳಿಗಿಂತ ಹೆಚ್ಚಿನ ಆರೈಕೆ ಸಲ್ಲತಕ್ಕದ್ದು. ಮೈ ಬೆಳೆಯಗೊಡದಿರುವುದು ಮೊದಲ ಕರ್ತವ್ಯ, ಏಕೆಂದರೆ ಗಂಟಲಿನ ಸುತ್ತಣ ಕೊಬ್ಬು ಉಸಿರಿನ ದಾರಿಯನ್ನು ಮತ್ತಷ್ಟು ಒತ್ತುತ್ತದೆ. ಕೊರಳಪಟ್ಟಿಯ ಬದಲು ಎದೆಗೆ ತೊಡಿಸುವ ಪಟ್ಟಿಯನ್ನು ಬಳಸಬೇಕು. ತಿರುಗಾಟ ಹೊತ್ತು ಮೂಡುವ ಮುನ್ನ ಅಥವಾ ಹೊತ್ತು ಮುಳುಗಿದ ಮೇಲೆ ಆಗಬೇಕು. ನಿಲ್ಲಿಸಿದ ಕಾರಿನೊಳಗೆ ಒಂದು ನಿಮಿಷವೂ ಬಿಡಕೂಡದು. ಗೊರಕೆ ಜೋರಾದರೆ, ನಡೆದ ಬಳಿಕ ಬಹಳ ಹೊತ್ತು ಏದುಸಿರು ನಿಲ್ಲದಿದ್ದರೆ, ನಾಲಗೆ ನೀಲಿಗಟ್ಟಿದರೆ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು. ಹೊಳ್ಳೆಗಳನ್ನು ಅಗಲಗೊಳಿಸುವ, ಅಂಗುಳನ್ನು ಮೊಟಕುಗೊಳಿಸುವ ಶಸ್ತ್ರಚಿಕಿತ್ಸೆಗಳು ರೋಗವನ್ನು ನಿರ್ಮೂಲಮಾಡದಿದ್ದರೂ, ಬೇಗನೆ ಮಾಡಿಸಿದಲ್ಲಿ, ಬಹಳಷ್ಟು ನಾಯಿಗಳಿಗೆ ನೆಮ್ಮದಿಯನ್ನು ತರುತ್ತವೆ. ಎಷ್ಟೇ ಮುದ್ದಾಗಿದ್ದರೂ ಉಸಿರಿಗೆ ಕಷ್ಟಪಡುವ ನಾಯಿಯಿಂದ ಮರಿಹಾಕಿಸಕೂಡದು. ಹೊಸದಾಗಿ ಕೊಳ್ಳಹೊರಟವರು ಮರಿಯನ್ನು ಮಾತ್ರ ನೋಡಿ ಮನಸೋಲದೆ, ಅದರ ತಾಯಿಯನ್ನು ತೋರಿಸಿರೆಂದು ಕೇಳಿ, ಆ ತಾಯಿಯನ್ನು ಅಂಗಳದಲ್ಲಿ ಮೂರು ನಿಮಿಷ ಓಡಿಸಿ, ಹತ್ತಿರ ನಿಂತು ಅದರ ಉಸಿರನ್ನು ಕೇಳಬೇಕು. ತೋರಿಸಲೊಪ್ಪದವನಿಂದ ಕೊಳ್ಳಬಾರದು, ಆ ಉಸಿರು ಕರಕರ ಸದ್ದುಮಾಡಿದರೆ ಆ ಸೂಲಿನ ಯಾವ ಮರಿಯನ್ನೂ ಕೊಳ್ಳಬಾರದು.